ಸ್ನಾನಕ್ಕೆ ಖರ್ಚಾದ ಮನೆ

ಇಂಗ್ಲೆಂಡಿನ ಬರ್ನ್ಲಿ ಊರಿನ ಟೆಂಟರ್ ಬೀದಿಯಲ್ಲಿ, ಮನೆಗೆ ಯಾರಾದರೂ ಬರುತ್ತಾರೆಂದರೆ ಮೇವಿಸ್ ಹಾರ್ಗ್ರೀವ್ಸ್ ಮೊದಲು ತೊಳೆಯುವುದು ಹೊಸ್ತಿಲ ಕಲ್ಲನ್ನು. ಬರುವವರು ಪಾದ್ರಿಯೇ ಇರಲಿ, ಗ್ಯಾಸಿನ ಮೀಟರು ನೋಡುವವನೇ ಇರಲಿ, ಅವಳಿಗೆ ಭೇದವಿಲ್ಲ. ಹೊಸ್ತಿಲಾದ ಮೇಲೆ ಕಿಟಕಿ, ಕಿಟಕಿಯಾದ ಮೇಲೆ ಟೀ ಕಪ್ಪು, ಆಮೇಲೆ ಗಂಡ. ಗಂಡ ನಾರ್ಮನ್ ಕೂಡ ಬಂದವರ ಕಣ್ಣಿಗೆ ಬೀಳುವ ಸಾಮಾನೇ ತಾನೆ. ಅವನನ್ನೂ ಒರೆಸಿ, ತಲೆ ಬಾಚಿ, ಕೊರಳಿಗೆ ಟೈ ಬಿಗಿದು ಕೂರಿಸಬೇಕು. ಇದು ಆಡಿಕೊಳ್ಳುವ ಮಾತಲ್ಲ. ನಮ್ಮ ಬೀದಿಯ ಆ ಕಾಲದ ಹೆಂಗಸರೆಲ್ಲ ಹಾಗೆಯೇ. ಪ್ರಾಣ ಹೋಗುತ್ತಿದ್ದರೂ ಸರಿ, ಡಾಕ್ಟರು ಬರುವ ಮುಂಚೆ ಎದ್ದು ಹಾಸಿಗೆಯ ಬಟ್ಟೆ ಬದಲಾಯಿಸಿಯೇ ಮತ್ತೆ ಮಲಗುತ್ತಾರೆ.

ಮೇವಿಸ್ ಹುಟ್ಟಿ ಬೆಳೆದದ್ದು ಪುರಸಭೆಯ ಬಾಡಿಗೆ ಮನೆಯಲ್ಲಿ. ತಾಯಿ ಹತ್ತಿ ಗಿರಣಿಯಲ್ಲಿ ಮಗ್ಗ ನೋಡಿಕೊಳ್ಳುತ್ತಿದ್ದಳು. ಆ ತಾಯಿ ತೀರಿಕೊಂಡಾಗ, ಸಂಸ್ಕಾರಕ್ಕೆ ತಂದ ಹೂವು ಇನ್ನೂ ಬಾಡಿರಲಿಲ್ಲ, ಪುರಸಭೆಯವರು ಬಾಗಿಲು ತಟ್ಟಿ ಬೀಗದ ಕೈ ಕೇಳಿದರು. ಅಕ್ಕಪಕ್ಕದವರ ಕಣ್ಣೆದುರಿಗೇ ತಾಯಿಯ ಮಂಚ, ಗಡಿಯಾರ, ಬಾಣಲೆಗಳೆಲ್ಲ ರಸ್ತೆಬದಿಗೆ ಬಂದು ಬಿದ್ದವು. ಆ ರಾಶಿಯ ಪಕ್ಕದಲ್ಲಿ ನಿಂತು ಮೇವಿಸ್, ತನ್ನ ಹೊಟ್ಟೆಯಲ್ಲಿ ಹುಟ್ಟುವವರಿಗೆ ಈ ಅವಸ್ಥೆ ಬರಗೊಡುವುದಿಲ್ಲ ಎಂದುಕೊಂಡಳು. ಜೀವಮಾನದಲ್ಲಿ ಅವಳು ಮಾಡಿದ ಪ್ರತಿಜ್ಞೆ ಅದೊಂದೇ. ಮದುವೆಯ ದಿನ ಪಾದ್ರಿಯ ಮುಂದೆ ಹೇಳಿದ್ದನ್ನು ಅವಳು ಲೆಕ್ಕಕ್ಕೆ ಹಿಡಿದಿಲ್ಲ. ಅದು ಎಲ್ಲರೂ ಹೇಳುವುದೇ.

ನಾರ್ಮನ್ ಊರಿನ ಬಸ್ಸು ಓಡಿಸುತ್ತಿದ್ದ. ಮೇವಿಸ್ ಶಾಲೆಯ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿದು ಮಕ್ಕಳಿಗೆ ಊಟ ಬಡಿಸುತ್ತಿದ್ದಳು. ಬಾಡಿಗೆಗಿರುವವರೇ ಇನ್ನು ತಮ್ಮ ಮನೆಯನ್ನು ಕಡಿಮೆ ಬೆಲೆಗೆ ಕೊಂಡುಕೊಳ್ಳಬಹುದೆಂದು ಸರ್ಕಾರ ಸಾರಿದಾಗ ಗಂಡ ಹೆಂಡಿರಿಬ್ಬರೂ ಹೊಟ್ಟೆ ಬಟ್ಟೆ ಕಟ್ಟಿ ಮನೆ ಕೊಂಡರು. ಅದುವರೆಗೆ ಬೀದಿಯ ಬಾಗಿಲುಗಳೆಲ್ಲ ಪುರಸಭೆಯ ಒಂದೇ ಹಸಿರು. ಮನೆ ಕೊಂಡವರು ಮೊದಲು ಮಾಡುತ್ತಿದ್ದ ಕೆಲಸವೇ ಆ ಬಾಗಿಲು ಕಿತ್ತು ಬೇರೆಯದನ್ನು ಇಡಿಸುವುದು. ಯಾರು ಒಡೆಯರು, ಯಾರು ಇನ್ನೂ ಬಾಡಿಗೆಯವರು ಎಂದು ಬೀದಿಯ ತುದಿಯಲ್ಲಿ ನಿಂತೇ ಹೇಳಬಹುದಿತ್ತು. ನಾರ್ಮನ್ ಹೊಸ ಬಾಗಿಲಿಗೆ ತನ್ನ ಬಸ್ಸಿನ ಕೆಂಪನ್ನೇ ಬಳಿದ. ಬಣ್ಣದ ಡಬ್ಬಿ ಎಲ್ಲಿಂದ ಬಂತೆಂದು ಡಿಪೋದಲ್ಲಿ ಯಾರೂ ಕೇಳಲಿಲ್ಲ. ಬಣ್ಣ ಒಣಗುವ ಮುಂಚೆಯೇ ಮೇವಿಸ್ ಮಗಳು ಲೊರೇನ್‌ಳನ್ನು ಕರೆದು ಹೇಳಿದಳು: "ನೋಡೇ, ಇದು ನಿಂದು. ನಾನು ಸತ್ತ ಮೇಲೆ ಯಾವನೂ ಬಂದು ನಿನ್ನತ್ರ ಬೀಗದ ಕೈ ಕೇಳೋ ಹಾಗಿಲ್ಲ." ಆಗ ಲೊರೇನ್ ಸ್ಕೂಲಿಗೆ ಹೋಗುವ ಹುಡುಗಿ. ಕೈಗೆ ಹತ್ತಿದ ಕೆಂಪು ಬಣ್ಣ ಬಿಡಿಸಿಕೊಳ್ಳುವುದರಲ್ಲೇ ಅವಳ ಗಮನವಿತ್ತು.

ಈಗ ಮೇವಿಸ್‌ಗೆ ಎಂಬತ್ತು ದಾಟಿದೆ. ನಾರ್ಮನ್‌ಗೆ ಲಕ್ವ ಹೊಡೆದು ಎರಡು ಚಳಿಗಾಲ ಕಳೆದವು. ಬಲಗೈ, ಬಲಗಾಲು ಅವನ ಮಾತು ಕೇಳುವುದಿಲ್ಲ. ಬಾಯಿಯ ಮಾತೂ ಹೋಯಿತು, ಆದರೆ ಪೂರ್ತಿ ಹೋಗಲಿಲ್ಲ. ಬುದ್ಧಿ ನೆಟ್ಟಗೇ ಇದೆ, ಎಲ್ಲವೂ ತಿಳಿಯುತ್ತದೆ. ಹೆಂಡತಿಯ ಹೆಸರು, ನೀರು, ನೋವು ಎಂಬ ಬೇಕಾದ ಮಾತುಗಳೆಲ್ಲ ನಾಲಿಗೆಯಿಂದ ಅಳಿಸಿಹೋಗಿ, ಜೀವಮಾನವಿಡೀ ಬಸ್ಸು ಹತ್ತಿದವರಿಗೆಲ್ಲ ಹೇಳಿ ಹೇಳಿ ಸವೆದ ಉಪಚಾರದ ಮಾತುಗಳು ಮಾತ್ರ ಉಳಿದುಕೊಂಡವು. "ಚೆನ್ನಾಗಿದೀನಮ್ಮ." "ಏನೂ ತೊಂದ್ರೆ ಇಲ್ಲ." "ಥ್ಯಾಂಕ್ಸ್ ಕಣಮ್ಮ." ಕಕ್ಕಸಿಗೆ ಅವಸರವಾದರೂ "ಏನೂ ತೊಂದ್ರೆ ಇಲ್ಲ", ಒದ್ದೆಯಾದ ಮೇಲೂ "ಏನೂ ತೊಂದ್ರೆ ಇಲ್ಲ". ಯಾವ 'ತೊಂದ್ರೆ ಇಲ್ಲ' ಯಾವ ತೊಂದರೆಯದು ಎಂದು ದನಿಯ ಮೇಲೆ ತಿಳಿಯುವವಳು ಮೇವಿಸ್ ಒಬ್ಬಳೇ.

ಆಸ್ಪತ್ರೆಯಿಂದ ಅವನನ್ನು ಕೆಲವು ವಾರ ವೃದ್ಧರ ನರ್ಸಿಂಗ್ ಹೋಮಿನಲ್ಲಿ ಇಟ್ಟಿದ್ದರು. ಮೇವಿಸ್ ನೋಡಲು ಹೋದಾಗಲೆಲ್ಲ ಅವನು ಎಡಗೈಯಲ್ಲಿ ತನ್ನ ಕೋಟು ಹುಡುಕುತ್ತಿದ್ದ. ಅಲ್ಲಿದ್ದವರಿಗೆಲ್ಲ "ಥ್ಯಾಂಕ್ಸ್ ಕಣಮ್ಮ, ಥ್ಯಾಂಕ್ಸ್" ಎನ್ನುತ್ತ ಹೊರಡಲು ಏಳುತ್ತಿದ್ದ, ಏಳಲಾಗದೆ ಕೂರುತ್ತಿದ್ದ. ಅವಳಿಗೆ ಕರುಳು ಕಿತ್ತು ಬಂದಂತಾಗಿ, ಮನೆಗೇ ಕರೆದುಕೊಂಡು ಬಂದಳು. ಅಂದಿನಿಂದ ಎತ್ತುವುದು, ಹೊರಳಿಸುವುದು, ಒರೆಸುವುದು, ತೊಳೆಯುವುದು ಎಲ್ಲ ಅವಳದೇ. ಎತ್ತಿ ಎತ್ತಿ ಅವಳ ಬಲಗೈ ಭುಜದಿಂದ ಮೇಲೆ ಏಳದಂತಾಯಿತು. ಮೊದಲೆಲ್ಲ ಗುರುವಾರ ಬಂತೆಂದರೆ ಸಲೂನಿಗೆ ಹೋಗಿ ಕೂದಲು ತೊಳೆಸಿ ಸುರುಳಿ ಹಾಕಿಸಿಕೊಂಡು ಬರುವವಳು ಈಗ ತಲೆಗೆ ಸದಾ ಒಂದು ವಸ್ತ್ರ ಬಿಗಿದುಕೊಂಡಿರುತ್ತಾಳೆ. ಯಾಕೆ ಎಂದರೆ, ತಂಡಿ ಎನ್ನುತ್ತಾಳೆ.

ಲೊರೇನ್ ಸೂಪರ್ ಮಾರ್ಕೆಟ್ಟಿನಲ್ಲಿ ಬ್ರೆಡ್ಡು ಬೇಯಿಸುವ ವಿಭಾಗದಲ್ಲಿ ಕೆಲಸ ಮಾಡುತ್ತಾಳೆ. ಗಂಡ ಬಿಟ್ಟುಹೋಗಿ ಬಹಳ ಕಾಲವಾಯಿತು, ಬಾಡಿಗೆ ಮನೆ, ಅರವತ್ತು ಹತ್ತಿರ ಬರುತ್ತಿದೆ. ದಿನಾ ಕೆಲಸ ಮುಗಿಸಿ ಬಂದುಹೋಗುತ್ತಾಳೆ. ಒಂದು ಸಲ ಅವಳು ಅಪ್ಪನಿಗೆ ಸ್ನಾನ ಮಾಡಿಸಹೋದಳು. ನಾರ್ಮನ್ ಗೋಡೆಯ ಕಡೆ ಮುಖ ತಿರುಗಿಸಿಕೊಂಡು, "ಥ್ಯಾಂಕ್ಸ್ ಕಣಮ್ಮ, ಥ್ಯಾಂಕ್ಸ್ ಕಣಮ್ಮ" ಎನ್ನುತ್ತ ಅತ್ತ. ಅದಾದ ಮೇಲೆ ಮೇವಿಸ್ ಮಗಳನ್ನು ಬಚ್ಚಲಿನೊಳಗೆ ಬಿಡಲಿಲ್ಲ.

"ಹಾಗಾದ್ರೆ ಪುರಸಭೆಯೋರನ್ನ ಕರೆಸೋಣ," ಅಂದಳು ಲೊರೇನ್. "ಅವ್ರು ಬಂದು ನೋಡ್ತಾರೆ, ಯಾವ ಸಹಾಯ ಬೇಕು ಅಂತ ಬರ್ಕೊಂಡು ಹೋಗಿ ಆಳು ಕಳಿಸ್ತಾರೆ."

ಪುರಸಭೆಯ ಅಧಿಕಾರಿಣಿ ಬರುವ ದಿನ ಮೇವಿಸ್ ಬೆಳಕು ಹರಿಯುವ ಮುಂಚೆ ಎದ್ದು ಹೊಸ್ತಿಲ ಕಲ್ಲು ಉಜ್ಜಿದಳು. ನಾರ್ಮನ್‌ನ ಕಮೋಡ್ ಕುರ್ಚಿಯನ್ನು ಹಿತ್ತಲಿನ ಹಳೆಯ ಇದ್ದಿಲ ಕೋಣೆಗೆ ತಳ್ಳಿ ಬೀಗ ಹಾಕಿದಳು. ಒದ್ದೆ ಹಾಸಿಗೆಯ ವಾಸನೆ ಹೋಗಲೆಂದು ಶುಂಠಿ ಹಾಕಿದ ಪಾರ್ಕಿನ್ ಕೇಕು ಬೇಯಿಸಿದಳು. ಟೈ ಬಿಗಿಸಿಕೊಂಡು ಕೂತ ನಾರ್ಮನ್ ಇನ್ನೇನು ಯಾರದೋ ಮದುವೆಗೆ ಹೊರಟವನಂತೆ ಕಾಣುತ್ತಿದ್ದ. ಬಂದ ಹೆಂಗಸು ಒಳ್ಳೆಯವಳೇ, ಆದರೆ ಕೂತ ಕುರ್ಚಿ ಬಿಸಿಯಾಗುವ ಮುಂಚೆ ಮುಂದಿನ ಮನೆಗೆ ಓಡಬೇಕಾದವಳು.

"ಹೇಗಿದೀರಾ ನಾರ್ಮನ್ ಅವ್ರೇ?"

"ಚೆನ್ನಾಗಿದೀನಮ್ಮ," ಅಂದ ನಾರ್ಮನ್, ಎಡಗೈ ಎತ್ತಿ.

"ಬೆಳಿಗ್ಗೆ ಎದ್ದು ಬಟ್ಟೆ ಹಾಕ್ಕೊಳ್ಳೋದು, ಕಕ್ಕಸಿಗೆ ಹೋಗೋದು, ಇದಕ್ಕೆಲ್ಲ ಕಷ್ಟ ಆಗುತ್ತಾ?"

"ಏನೂ ತೊಂದ್ರೆ ಇಲ್ಲ."

ಆಕೆ ಮೇವಿಸ್ ಕಡೆ ತಿರುಗಿದಳು. "ನೀವು ಹೇಳಿ. ಸ್ನಾನ ಮಾಡಿಸೋದು ಹೇಗೆ?"

ಹೇಳಬೇಕಾದ್ದು ಮೇವಿಸ್‌ಗೆ ಗೊತ್ತಿತ್ತು. ಲೊರೇನ್ ಹಿಂದಿನ ದಿನ ಪಾಠ ಒಪ್ಪಿಸುವಂತೆ ಒಪ್ಪಿಸಿಕೊಂಡಿದ್ದಳು. ಆದರೆ ಬೇರೆ ಮನೆಯ ಹೆಣ್ಣು ತನ್ನ ಅತ್ಯುತ್ತಮ ಕಪ್ಪಿನಲ್ಲಿ ಟೀ ಕುಡಿಯುತ್ತ ಎದುರಿಗೆ ಕೂತಿರುವಾಗ ಕಕ್ಕಸಿನ ಮಾತು ಎತ್ತುವುದು ಹೇಗೆ? ನಾಲಿಗೆ ತಾನಾಗಿ ಹಳೆಯ ದಾರಿ ಹಿಡಿಯಿತು. "ಹೇಗೋ ನಡ್ಕೊಂಡು ಹೋಗುತ್ತೆ ಕಣಮ್ಮ. ನಮಗಿಂತ ಕಷ್ಟದಲ್ಲಿರೋರು ಎಷ್ಟೋ ಜನ ಇದಾರೆ. ಇನ್ನೊಂದು ತುಂಡು ಕೇಕ್ ತಗೋ."

"ಅದ್ಭುತವಾಗಿ ನಿಭಾಯಿಸ್ತಾ ಇದೀರಾ," ಅಂದು ಆಕೆ ಮೇವಿಸ್ ಕೈ ಒತ್ತಿ ಹೋದಳು. ಮೇವಿಸ್‌ಗೆ ಪರೀಕ್ಷೆ ಪಾಸಾದಷ್ಟು ಹಿಗ್ಗು. ಸಂಜೆ ಲೊರೇನ್ ಬರುವವರೆಗೂ ಆ ಹಿಗ್ಗು ಇತ್ತು.

"ಏನೂ ಸಹಾಯ ಬೇಕಿಲ್ಲ ಅಂತ ಬರ್ಕೊಂಡು ಹೋಗಿದಾರಮ್ಮ! ಫೋನ್ ಮಾಡಿದ್ರು! ಅಪ್ಪನ ಕಮೋಡ್ ಕುರ್ಚಿ ಎಲ್ಲಿ?"

"ಇದ್ದಿಲ ಕೋಣೇಲಿ."

"ಯಾಕೆ?"

"ಮನೆಗೆ ಬಂದೋರ ಕಣ್ಮುಂದೆ ಅದನ್ನ ಇಡ್ತಾರೇನೇ?"

ಲೊರೇನ್ ಸೋಫಾದ ಮೇಲೆ ಕುಸಿದು ಕೂತು, ಉಳಿದ ಕೇಕನ್ನೆಲ್ಲ ಸಿಟ್ಟಿನಲ್ಲಿ ತಿಂದು ಮುಗಿಸಿದಳು. ಆಮೇಲೆ ಬಾಯಿ ಒರೆಸಿಕೊಂಡು ಹೊಸ ಮಾತು ತೆಗೆದಳು. ಪುರಸಭೆಗೆ ಮತ್ತೆ ಬರಲು ಹೇಳುತ್ತೇನೆ, ಆದರೆ ಅವರನ್ನು ನಂಬಿ ಕೂರುವುದು ಬೇಡ. ಮನೆಯ ಮೇಲೆ ದುಡ್ಡು ಎತ್ತೋಣ. ಸಾಲ ಕೊಡುವ ಕಂಪನಿಗಳಿವೆ. ಇಬ್ಬರೂ ಬದುಕಿರುವವರೆಗೆ ಮನೆಯಲ್ಲಿ ಇರಬಹುದು, ಕಂತು ಕಟ್ಟುವ ಹಾಗಿಲ್ಲ. ಇಬ್ಬರೂ ಹೋದ ಮೇಲೆ ಮನೆ ಮಾರಿ ಅವರು ಅಸಲು ಬಡ್ಡಿ ಎಲ್ಲ ಹಿಡಿದುಕೊಳ್ಳುತ್ತಾರೆ. ಆ ದುಡ್ಡಿನಲ್ಲಿ ಅಪ್ಪನಿಗೆ ಸ್ನಾನ ಮಾಡಿಸಲು ದಿನಾ ಒಬ್ಬಳನ್ನು ಇಟ್ಟುಕೊಳ್ಳಬಹುದು.

"ಅಂದ್ರೆ ಗೋಡೆ ಮಾರಿ ಸೋಪು ತಗೋಬೇಕು," ಅಂದಳು ಮೇವಿಸ್.

"ಹಾಗೇ ಅಂದ್ಕೋ."

"ಕೊನೇಗೆ ನಿಂಗೇನು ಉಳಿಯುತ್ತೆ?"

"ಉಳಿದ್ರೆ ಉಳೀತು."

"ಇದು ನಿನ್ನ ಮನೆ ಕಣೇ. ನಿಂಗೆ ಬೇಡ್ವಾ?"

ಲೊರೇನ್ ಕೇಕಿನ ತಟ್ಟೆಯ ಮೇಲಿದ್ದ ಪುಡಿಯನ್ನು ಬೆರಳಿನಿಂದ ಒತ್ತಿ ಒತ್ತಿ ತೆಗೆದಳು. ಆಮೇಲೆ, "ಬೇಡ," ಅಂದಳು. ತಾಯಿಗೆ ಆ 'ಬೇಡ' ಕೇಳಿಸಲೇ ಇಲ್ಲ. ಅದರ ಮುಂಚಿನ ಮೌನ ಮಾತ್ರ ಕೇಳಿಸಿತು.

ಅಲ್ಲಿಂದ ಮೇವಿಸ್‌ಳ ತಲೆ ಕೆಟ್ಟು ಮೊಸರಾಯಿತು. ಒಂದು ಕಡೆ ನಾರ್ಮನ್, ಒಂದು ಕಡೆ ಮಗಳು, ನಡುವೆ ಈ ಕೆಂಪು ಬಾಗಿಲು. ಮನೆ ಉಳಿಸಬೇಕೆಂದರೆ ತನ್ನ ಬೆನ್ನು ಮುರಿಯಬೇಕು. ಬೆನ್ನು ಮುರಿದ ದಿನ ನಾರ್ಮನ್ ಮತ್ತೆ ಆ ನರ್ಸಿಂಗ್ ಹೋಮಿನಲ್ಲಿ ಕೋಟು ಹುಡುಕಬೇಕು. ಮನೆ ಕರಗಿಸಬೇಕೆಂದರೆ ತಾಯಿಯ ಮಂಚದ ಪಕ್ಕದಲ್ಲಿ ನಿಂತು ಆಡಿದ ಮಾತು ಮುರಿಯಬೇಕು. ಕೇಳಿದವರೆಲ್ಲ ಒಂದೊಂದು ಹೇಳಿದರು. ಬಿಂಗೋ ಆಡುತ್ತಿದ್ದ ಕಾಲದ ಗೆಳತಿ ಡಿಲಿಸ್ ಫೋನಿನಲ್ಲಿ, "ಮನೇನ ಇವತ್ತೇ ಲೊರೇನ್ ಹೆಸರಿಗೆ ಬರೆದುಬಿಡು, ನೋಡ್ಕೊಳ್ಳೋ ಖರ್ಚಿಗೆ ಅಂತ ಪುರಸಭೆಯೋರು ಅದನ್ನ ಮಾರಿಸೋಕಾಗಲ್ಲ" ಅಂದಳು. ಮಾರನೆಯ ದಿನ ಅದೇ ಡಿಲಿಸ್ ಫೋನು ಮಾಡಿ, "ಅಯ್ಯೋ ಬರೀಬೇಡ ಕಣೇ, ಖರ್ಚು ತಪ್ಪಿಸಿಕೊಳ್ಳೋಕೆ ಬರೆದದ್ದು ಅಂತ ಗೊತ್ತಾದ್ರೆ ಅದು ನಿಂದೇ ಅಂತ ಲೆಕ್ಕ ಹಾಕ್ತಾರಂತೆ" ಅಂದಳು. ನೀನು ಆ ಮನೆಯಲ್ಲಿರುವವರೆಗೆ ಪುರಸಭೆ ಅದನ್ನು ಮುಟ್ಟುವುದಿಲ್ಲ ಎಂದರು ಒಬ್ಬರು. ಹಾಗಾದರೆ ಮೂಲೆಮನೆಯ ಹೆಂಗಸಿನ ಮನೆ ಯಾಕೆ ಮಾರಿಹೋಯಿತು ಎಂದರೆ, ಅವಳು ಒಂಟಿ, ಅದು ಬೇರೆ ಕಾನೂನು ಎಂದರು. ಒಬ್ಬರಿಗೆ ಒಂದು ಕಾನೂನು, ಇಬ್ಬರಿಗೆ ಇನ್ನೊಂದು, ಮನೆಯೊಳಗೆ ಬಿದ್ದಿದ್ದರೆ ಒಂದು, ನರ್ಸಿಂಗ್ ಹೋಮಿನಲ್ಲಿ ಬಿದ್ದಿದ್ದರೆ ಮತ್ತೊಂದು. ಇದನ್ನು ಬರೆದವರು ತಾವು ಮುದುಕರಾಗುವುದಿಲ್ಲ ಎಂದುಕೊಂಡೇ ಬರೆದಿರಬೇಕು.

ಪಕ್ಕದ ಮನೆಯ ಶಮೀಮ್ ಹಿತ್ತಲಿನ ಬೇಲಿಯ ಮೇಲಿಂದ ಬಿಸಿ ಪರಾಠ ಕೊಡುತ್ತ ಕೇಳಿದಳು: "ದುಡ್ಡು ಕೊಟ್ಟು ಹೊರಗಿನೋರನ್ನ ಯಾಕೆ ತರ್ತೀರಾ ಆಂಟಿ? ಮಗಳು ಬಂದು ನಿಮ್ಮ ಜೊತೇನೇ ಇರ್ಲಿ. ನಮ್ಮತ್ತೆ ನೋಡಿ, ಹನ್ನೊಂದು ವರ್ಷದಿಂದ ನನ್ನ ಕೈಯಲ್ಲೇ ಇದಾರೆ."

"ನಿಂಗೆ ಕಷ್ಟ ಆಗಲ್ವೇನೇ?"

ಶಮೀಮ್ ಅಡುಗೆಮನೆಯ ಕಡೆ ಒಮ್ಮೆ ತಿರುಗಿ ನೋಡಿ, ದನಿ ತಗ್ಗಿಸಿದಳು. "ಹೇಳ್ಕೊಳ್ಳೋದಕ್ಕೆ ನಮ್ಮಲ್ಲಿ ಪುರಸಭೆಯೋರೂ ಬರಲ್ಲ ಆಂಟಿ."

ಲೊರೇನ್ ಈ ನಡುವೆ ಎರಡು ಕೆಲಸ ಮಾಡಿದ್ದಳು. ಪುರಸಭೆಯವರನ್ನು ಕಾಡಿ ಎರಡನೆಯ ಸಲ ಬರುವಂತೆ ಒಪ್ಪಿಸಿದ್ದಳು. ಸಾಲದ ಕಂಪನಿಯವನಿಗೆ, ಸಾಲ ಎತ್ತಲಿ ಬಿಡಲಿ, ಮನೆಗೆ ಎಷ್ಟು ಬೆಲೆ ಬರುತ್ತದೆಂದು ಬಂದು ನೋಡಿ ಹೋಗು ಎಂದಿದ್ದಳು. ಇಬ್ಬರೂ ಒಂದೇ ವಾರ. ತಾಯಿಗೆ ಬಿಡಿಸಿ ಬಿಡಿಸಿ ಹೇಳಿದಳು: "ಮಂಗಳವಾರ ಕಂಪನಿಯೋನು ಬರ್ತಾನೆ, ಅವತ್ತು ಮನೆ ಎಷ್ಟು ಬೇಕಾದ್ರೂ ತೊಳಿ. ಬುಧವಾರ ಪುರಸಭೆಯೋರು. ಅವತ್ತು ಏನೂ ಮುಟ್ಟಬೇಡ. ಹೊಸ್ತಿಲು ತೊಳೀಬೇಡ. ಟೈ ಬೇಡ. ಕೇಕ್ ಬೇಡ. ಇರೋದನ್ನ ಇದ್ದ ಹಾಗೇ ಹೇಳು."

ಒಬ್ಬ ಬಂದಾಗ ಸಿರಿವಂತರಾಗಿ ಕಾಣಬೇಕು, ಇನ್ನೊಬ್ಬರು ಬಂದಾಗ ಗತಿಗೆಟ್ಟವರಾಗಿ ಕಾಣಬೇಕು, ಮನೆ ಮಾತ್ರ ಅದೇ. ಅದರ ಹಿಂದಿನ ವಾರವೆಲ್ಲ ನಾರ್ಮನ್‌ಗೆ ಹೊಟ್ಟೆ ಸರಿಯಿರಲಿಲ್ಲ, ಮೇವಿಸ್‌ಗೆ ಕಣ್ಣಿಗೆ ನಿದ್ದೆಯಿಲ್ಲ. ದಿನಗಳು ಅವಳ ತಲೆಯಲ್ಲಿ ಒಂದರೊಳಗೊಂದು ಕಲಸಿಹೋದವು. ಮಂಗಳವಾರ ಬೆಳಿಗ್ಗೆ ಎದ್ದವಳಿಗೆ ಅದು ಬುಧವಾರವೆಂದೇ ಅನಿಸಿತು.

ಅವತ್ತು ಅವಳು ಪಟ್ಟ ಪಾಡು ದೇವರಿಗೇ ಗೊತ್ತು. ಕೈ ತಾನಾಗಿ ಬಕೆಟ್ಟಿನ ಕಡೆ ಹೋಗುತ್ತಿತ್ತು, ಅದನ್ನು ಹಿಂದಕ್ಕೆ ಎಳೆದುಕೊಂಡಳು. ಕಮೋಡ್ ಕುರ್ಚಿ ನಡುಮನೆಯಲ್ಲೇ ಇತ್ತು, ಒದ್ದೆ ಹಾಸಿಗೆ ಬಟ್ಟೆ ಮೂಲೆಯಲ್ಲಿ ಮುದ್ದೆಯಾಗಿ ಬಿದ್ದಿತ್ತು. ಹಿಂದಿನ ದಿನದ ಸ್ವೆಟರಿನಲ್ಲೇ ಕೂತ ನಾರ್ಮನ್ ಏನಾಯಿತು ಇವಳಿಗೆ ಎಂಬಂತೆ ಅವಳನ್ನೇ ನೋಡುತ್ತಿದ್ದ. ಬಾಗಿಲು ತಟ್ಟಿದ ಸದ್ದಾಯಿತು. ಚೀಲ ಹಿಡಿದ ಸುಮಾರು ನಲವತ್ತರ ಗಂಡಸು. ಅವನು ಹೆಸರು ಹೇಳುವುದಕ್ಕೂ ಬಿಡದೆ ಮೇವಿಸ್ ಅವನನ್ನು ಕಮೋಡ್ ಕುರ್ಚಿಯ ಪಕ್ಕದಲ್ಲೇ ಕೂರಿಸಿದಳು. ಈಗ ಹೇಳದಿದ್ದರೆ ಮತ್ತೆ ಬಾಯಿ ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

"ನಂಗೆ ಆಗ್ತಾ ಇಲ್ಲಪ್ಪಾ," ಅಂದಳು. "ಹೋದ ಸಲ ಬಂದಾಕೆಗೆ ಸುಳ್ಳು ಹೇಳ್ದೆ. ಅವನನ್ನ ಬಚ್ಚಲಿಗೆ ಕರ್ಕೊಂಡು ಹೋಗೋವಾಗ ಎರಡು ಸಲ ಇಬ್ರೂ ಬಿದ್ವಿ. ಎರಡನೇ ಸಲ ಎದ್ದೇಳೋಕೆ ಆಗ್ದೆ ಮಧ್ಯಾಹ್ನದವರೆಗೂ ಆ ತಣ್ಣಗಿನ ನೆಲದ ಮೇಲೇ ಬಿದ್ಕೊಂಡಿದ್ವಿ. ಅವನು ನನ್ನ ಕೈ ತಟ್ಟಿ ತಟ್ಟಿ, ಏನೂ ತೊಂದ್ರೆ ಇಲ್ಲ, ಏನೂ ತೊಂದ್ರೆ ಇಲ್ಲ ಅಂತಿದ್ದ. ಮಗಳಿಗೆ ಹೇಳಿಲ್ಲ. ನನ್ನ ಕೈ ಮೇಲೆ ಏಳಲ್ಲ. ನನ್ನ ತಲೆ ನಾನು ತೊಳ್ಕೊಂಡು ಎಷ್ಟು ಕಾಲ ಆಯ್ತೋ ಗೊತ್ತಿಲ್ಲ, ನಾರುತ್ತೆ, ಅದಕ್ಕೇ ಈ ಬಟ್ಟೆ. ಒಂದೊಂದ್ಸಲ ಅವನನ್ನ ಗದರಿಬಿಡ್ತೀನಿ. ಆ ದೇವರಂಥ ಮನುಷ್ಯನ್ನ. ಒಂದ್ಸಲ ಹೊಡೆಯೋದಕ್ಕೂ ಕೈ ಎತ್ತೋಕೆ ಹೋದೆ, ಅದೇನೋ ಕೈ ಮೇಲೆ ಏಳಲ್ವಲ್ಲ, ಅದಕ್ಕೆ ಹೊಡೀಲಿಲ್ಲ."

ಅವನು ಚೀಲದಿಂದ ಏನೋ ತೆಗೆಯಲು ಹೋದವನು ಹಾಗೇ ಕೂತಿದ್ದ. ಅವನ ಮುಖ ಕೆಂಪೇರಿತ್ತು. "ಮಿಸೆಸ್ ಹಾರ್ಗ್ರೀವ್ಸ್," ಅಂದ ಮೆಲ್ಲಗೆ, "ನಾನು ಮನೆ ಅಳತೆ ತಗೊಳ್ಳೋಕೆ ಬಂದೋನು. ಸಾಲದ ಕಂಪನಿಯಿಂದ."

ಮೇವಿಸ್‌ಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನಿಸಿತು. ಜೀವಮಾನದಲ್ಲಿ ಒಂದೇ ಒಂದು ಸಲ ನಿಜ ಹೇಳಿದರೆ ಅದೂ ತಪ್ಪು ವಿಳಾಸಕ್ಕೆ ಹೋಗಿತ್ತು. ನಾರ್ಮನ್ ಎಡಗೈ ಚಾಚಿ ಬಂದವನ ಮೊಣಕಾಲು ತಟ್ಟಿ, "ಥ್ಯಾಂಕ್ಸ್ ಕಣಪ್ಪ," ಅಂದ. ಆ ಮನುಷ್ಯ ಎದ್ದು ಅಡುಗೆಮನೆ ಎಲ್ಲಿದೆಯೆಂದು ಕೇಳಿ, ತಾನೇ ಕೆಟಲ್ ಇಟ್ಟು ಮೂರು ಕಪ್ಪು ಟೀ ಮಾಡಿ ತಂದ. ಟೀ ಮಹಾ ಸಪ್ಪೆಯಾಗಿತ್ತು.

ಅವನು ಟೀ ಕೊಡುವಾಗ ಮೇವಿಸ್ ತಲೆಯೆತ್ತಿದರೆ, ಬಾಗಿಲಲ್ಲಿ ಲೊರೇನ್ ನಿಂತಿದ್ದಳು. ಕಂಪನಿಯವನು ಬರುವಾಗ ಜೊತೆಗಿರೋಣವೆಂದು ರಜೆ ಹಾಕಿ ಬಂದು, ತನ್ನ ಕೀಲಿಯಲ್ಲೇ ಬಾಗಿಲು ತೆಗೆದುಕೊಂಡು ಒಳಗೆ ಬಂದಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳೆಂದು ಮುಖವೇ ಹೇಳುತ್ತಿತ್ತು. ಅಳತೆಯವನು ಮಹಡಿ ಹತ್ತಿ ಹೋಗುವವರೆಗೆ ಕಾದು ತಾಯಿಯ ಪಕ್ಕದಲ್ಲಿ ಕೂತಳು.

"ಬಿದ್ದಿದ್ದನ್ನ ನಂಗೆ ಹೇಳ್ಲಿಲ್ವಲ್ಲಮ್ಮ."

"ಹೇಳಿದ್ರೆ ನೀನು ಈ ಮನೇನ ಮಾರಿಸ್ತಿದ್ದೆ."

"ನಂಗೆ ಮನೆ ಬೇಕಿತ್ತಮ್ಮ," ಅಂದಳು ಲೊರೇನ್. ಹೇಳಿ ಕೈಯಿಂದ ಮುಖ ಮುಚ್ಚಿಕೊಂಡಳು. "ಬೇಡ ಅಂದದ್ದು ಸುಳ್ಳು. ನನ್ನ ಓನರು ಮನೆ ಮಾರ್ತಾನಂತೆ. ಬಸ್ಸಲ್ಲಿ ಬರೋವಾಗೆಲ್ಲ, ಅಲ್ಲಿ ನನ್ನ ಮಂಚ ಹಾಕ್ಬೇಕು, ಇಲ್ಲಿ ಪರದೆ ಬದಲಾಯಿಸ್ಬೇಕು ಅಂತ ಯೋಚನೆ ಮಾಡ್ತೀನಿ. ನೀವಿಬ್ರೂ ಇನ್ನೂ ಬದುಕಿರೋವಾಗ್ಲೇ. ಎಂಥಾ ಮಗಳು ನಾನು!"

ಮೇವಿಸ್ ಮಗಳ ಬೆನ್ನು ಸವರಿದಳು. ಮನೆ ಬೇಕು ಎಂದು ಮಗಳ ಬಾಯಿಂದಲೇ ಕೇಳಿದ ಮೇಲೆ ಯಾಕೋ ಅವಳ ಎದೆ ಹಗುರವಾಯಿತು. ಇಷ್ಟು ದಿನ ಬೇಡದವಳಿಗಾಗಿ ಕೂಡಿಡುತ್ತಿದ್ದೇನೋ ಎಂದು ಹೆದರಿದ್ದಳು. ಬೇಕಾದವಳಿಂದ ಕಿತ್ತುಕೊಳ್ಳುವುದು ಹೆಚ್ಚು ಕಷ್ಟವಾಗಬೇಕಿತ್ತು. ಆದರೆ ಹಾಗಾಗಲಿಲ್ಲ. ಯಾಕೆಂದು ಅವಳಿಗೆ ತಿಳಿಯಲಿಲ್ಲ, ನಮಗೂ ತಿಳಿದಿಲ್ಲ.

ಬುಧವಾರ ಪುರಸಭೆಯವರು ಬಂದರು. ಈ ಸಲ ಲೊರೇನ್ ಮಾತಾಡಿದಳು. ಸಹಾಯ ಬೇಕೇ ಬೇಕು ಎಂದು ಅವರೂ ಒಪ್ಪಿದರು. ಕಳಿಸಲು ಆಳಿಲ್ಲ, ಹೆಸರು ಬರೆದುಕೊಂಡಿದ್ದೇವೆ, ಕಾಯಬೇಕು ಎಂದರು. ಎಷ್ಟು ದಿನ ಎಂದರೆ ಹೇಳಲಾರೆವು ಎಂದರು. ಕಾಯುವುದರೊಳಗೆ ಮೂರನೆಯ ಸಲ ಬಿದ್ದರೆ ಗತಿಯೇನೆಂದು ಮೇವಿಸ್ ಒಂದು ಭಾನುವಾರವೆಲ್ಲ ಕೂತು ಯೋಚಿಸಿ, ಸೋಮವಾರ ಮಗಳಿಗೆ ಹೂಂ ಅಂದಳು.

ಸಾಲಕ್ಕೆ ಸಹಿ ಹಾಕುವ ಮೊದಲು ವಕೀಲನೊಬ್ಬ ಮನೆಗೆ ಬಂದು ಲೊರೇನ್‌ಳನ್ನು ಹೊರಗೆ ಕಳಿಸಿ ಬಾಗಿಲು ಹಾಕಿದ. ಅದು ನಿಯಮವಂತೆ. ನಾರ್ಮನ್‌ನ ಬಾಯಿ ಮಾತನ್ನು ನಂಬುವ ಹಾಗಿಲ್ಲವೆಂದು ತಿಳಿದು, ತಲೆ ಆಡಿಸಿ ಹೇಳಿ ಎಂದು, ಒಪ್ಪಿಗೆಯೇ ಎಂಬ ಒಂದೇ ಪ್ರಶ್ನೆಯನ್ನು ತಿರುಗಿಸಿ ಮುರುಗಿಸಿ ಕೇಳಿದ. ನಾರ್ಮನ್ ಪ್ರತಿ ಸಲವೂ ಸರಿಯಾಗಿ ತಲೆಯಾಡಿಸಿ, ಎಡಗೈಯಲ್ಲಿ ಸೊಟ್ಟ ಸಹಿ ಹಾಕಿದ. ಆಮೇಲೆ ವಕೀಲ ಮೇವಿಸ್ ಕಡೆ ಬಗ್ಗಿ, "ಇದಕ್ಕೆ ಮಗಳ ಒತ್ತಾಯ ಏನೂ ಇಲ್ಲ ತಾನೇ? ಹೆದರಬೇಡಿ, ಹೇಳಿ," ಅಂದ.

ಮೇವಿಸ್‌ಗೆ ನಖಶಿಖಾಂತ ಉರಿಯಿತು. "ಬರಬೇಕಾದ ಮನೇನ ಕಳ್ಕೊಳ್ತಾ ಇರೋಳು ಅವಳು ಕಣಯ್ಯಾ. ಅವಳನ್ನೇ ಕಳ್ಳಿ ಅನ್ನೋ ಹಾಗೆ ಹೊರಗೆ ನಿಲ್ಲಿಸಿದೀಯಲ್ಲ! ಕೊಡು ಪೆನ್ನು."

ದುಡ್ಡು ಕೈಸೇರಿದ ಮೇಲೆ ಮೊದಲ ದಿನ ಸ್ನಾನ ಮಾಡಿಸಲು ಬರಬೇಕಿದ್ದವಳು ಜಿಂಬಾಬ್ವೆಯ ಹೆಂಗಸು, ರುಟೆಂಡೊ ಎಂದು ಹೆಸರು. ಎಂಟಕ್ಕೆ ಬರುತ್ತಾಳೆಂದು ಲೊರೇನ್ ಹೇಳಿದ್ದಳು. ಮೇವಿಸ್ ಆರಕ್ಕೇ ಎದ್ದಳು. ಹೊಸ್ತಿಲ ಕಲ್ಲು ತೊಳೆದಳು. ಬಚ್ಚಲು ಉಜ್ಜಿದಳು. ಒಳಗೆ ಬಂದು ಮಲಗಿದ್ದ ನಾರ್ಮನ್‌ನನ್ನು ನೋಡಿದಳು. ಅವನು ಒದ್ದೆಯಾಗಿದ್ದ, ಗಡ್ಡ ಬೆಳೆದಿತ್ತು. ಇಂಥವನನ್ನು ಗುರುತಿಲ್ಲದ ಹೆಣ್ಣಿನ ಕೈಗೆ ಕೊಡುವುದು ಹೇಗೆ? ಅವಳೇನಂದುಕೊಳ್ಳುತ್ತಾಳೆ? ಮೇವಿಸ್ ಹಲ್ಲು ಕಚ್ಚಿ ಅವನನ್ನು ಎಬ್ಬಿಸಿ, ಗೋಡೆ ಹಿಡಿಸಿ, ಬಚ್ಚಲಿಗೆ ನಡೆಸಿ, ಸೋಪು ಹಚ್ಚಿ ತಲೆಯಿಂದ ಕಾಲಿನವರೆಗೆ ತೊಳೆದಳು. ಒರೆಸಿ, ಗಡ್ಡ ತೆಗೆದು, ಒಗೆದ ಅಂಗಿ ತೊಡಿಸಿ, ಟೈ ಕಟ್ಟಿದಳು. ರುಟೆಂಡೊ ಬಂದು ಕೋಟು ಬಿಚ್ಚಿ ತೋಳು ಮಡಿಸುವ ಹೊತ್ತಿಗೆ ನಾರ್ಮನ್ ಕಿಟಕಿಯ ಬಳಿ ಫಳಫಳ ಹೊಳೆಯುತ್ತ ಕೂತಿದ್ದ.

"ಚೆನ್ನಾಗಿದೀನಮ್ಮ," ಅಂದ.

ರುಟೆಂಡೊ ಅವನನ್ನು ನೋಡಿದಳು. ಆಮೇಲೆ ಮೇವಿಸ್‌ಳನ್ನು ನೋಡಿದಳು. ಮೇವಿಸ್‌ಳ ತೋಳು ಮೊಣಕೈವರೆಗೆ ಒದ್ದೆ, ಉಸಿರು ಮೇಲೆ ಕೆಳಗೆ, ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ನಿಂತಿದ್ದಾಳೆ.

"ಸ್ನಾನ ನೀವೇ ಮಾಡಿಸಿದ್ರಾ ಗೋಗೋ?" ಅವಳ ಊರಲ್ಲಿ ಅಜ್ಜಿಯರನ್ನು ಹಾಗೆ ಕರೆಯುತ್ತಾರಂತೆ.

"ಸ್ವಲ್ಪ ಗಲೀಜಾಗಿದ್ದ. ನೀನು ಮೊದಲನೇ ಸಲ ಬರ್ತಿದೀಯ... ಕೂತ್ಕೊಳ್ಳಮ್ಮ, ಟೀ ಕುಡಿ."

ಹೇಳುತ್ತಿದ್ದಂತೆ ತಾನು ಮಾಡಿದ್ದು ಮೇವಿಸ್‌ಗೆ ಹೊಳೆಯಿತು. ಮಗಳ ಮನೆ ಒತ್ತೆಯಿಟ್ಟು ಆಳು ತರಿಸಿ, ಆಳಿನ ಕೆಲಸ ತಾನೇ ಮಾಡಿ ಮುಗಿಸಿ, ಬಂದವಳಿಗೆ ಟೀ ಕುಡಿ ಎನ್ನುತ್ತಿದ್ದಾಳೆ. ಕೆಂಪು ಬಾಗಿಲು, ತಾಯಿಯ ಮಂಚ, ಲೊರೇನ್ ಬಸ್ಸಿನಲ್ಲಿ ಕೂತು ಯೋಚಿಸಿದ ಪರದೆ, ಎಲ್ಲ ಒಟ್ಟಿಗೆ ಕಣ್ಣಮುಂದೆ ಬಂದವು. ಹತ್ತಿರದ ಕುರ್ಚಿಯ ಮೇಲೆ ಕೂತುಬಿಟ್ಟಳು. ಅದು ಕಮೋಡ್ ಕುರ್ಚಿ ಎಂಬುದೂ ಅವಳ ಗಮನಕ್ಕೆ ಬರಲಿಲ್ಲ.

"ನಾನೆಂಥಾ ಪೆದ್ದಿ ನೋಡು," ಅಂದಳು, ಅಳು ತಡೆಯಲಾಗದೆ. "ನನ್ನ ಮಗಳ ಮನೇನ ಹಾಳು ಮಾಡ್ದೆ."

ರುಟೆಂಡೊ ಟೀ ಕುಡಿಯಲಿಲ್ಲ, ಹೋಗಲೂ ಇಲ್ಲ. "ಒಂದು ಗಂಟೆ ನಂದು ಇಲ್ಲೇ ಇದೆ, ಗೋಗೋ," ಅಂದಳು. "ಈ ಮನೇಲಿ ಇನ್ನೂ ಒಬ್ರಿಗೆ ಸ್ನಾನ ಆಗಿಲ್ವಲ್ಲ." ಹಿಂದೆ ಬಂದು, ಕೇಳುವ ಗೋಜಿಗೆ ಹೋಗದೆ, ಮೇವಿಸ್‌ಳ ತಲೆಗೆ ಬಿಗಿದ ವಸ್ತ್ರದ ಗಂಟು ಬಿಚ್ಚಿದಳು. ಮೇವಿಸ್ ಎರಡೂ ಕೈಯಿಂದ ತಲೆ ಮುಚ್ಚಿಕೊಳ್ಳಹೋದಳು. ಒಂದು ಕೈ ಮಾತ್ರ ಮೇಲೆ ಹೋಯಿತು.

"ಬೇಡಮ್ಮ, ವಾಸನೆ."

"ನನ್ನ ಮೂಗು ಎಲ್ಲ ನೋಡಿದೆ, ಬನ್ನಿ."

ಬಚ್ಚಲಿನಲ್ಲಿ ಬೇಸಿನ್ನಿನ ಮುಂದೆ ಸ್ಟೂಲು ಹಾಕಿ ಅವಳನ್ನು ಕೂರಿಸಿ, ಕೊರಳಿಗೆ ಟವೆಲು ಸುತ್ತಿ, ಜಗ್ಗಿನಲ್ಲಿ ನೀರು ಹುಯ್ದಳು. ಅಂಟಿಕೊಂಡಿದ್ದ ಬಿಳಿ ಕೂದಲನ್ನು ಬೆರಳಿನಿಂದ ಎಳೆ ಎಳೆಯಾಗಿ ಬಿಡಿಸಿದಳು. ಬೇರೊಬ್ಬರ ಕೈ ತಲೆಯ ಮೇಲೆ ಬಿದ್ದು ಎಷ್ಟು ಕಾಲವಾಗಿತ್ತೋ. ಮೇವಿಸ್ ಬೇಸಿನ್ನಿನೊಳಗೆ ಮುಖ ಬಗ್ಗಿಸಿಕೊಂಡು ಸದ್ದಿಲ್ಲದೆ ಅತ್ತಳು. ಎಲ್ಲ ಒಂದೇ ನೀರಾಗಿ ಹೋಗುತ್ತಿತ್ತು. ಮನೆ ಒತ್ತೆಯಿಟ್ಟದ್ದು ಸರಿಯೋ ತಪ್ಪೋ ಅವಳಿಗೆ ಅಂದೂ ತಿಳಿಯಲಿಲ್ಲ. ಯಾರ ಗೋಡೆ ಇದು, ಯಾರ ತಲೆಗೆ ಸುರಿಯುತ್ತಿದ್ದಾರೆ? ಆಚೆ ಕೋಣೆಯಲ್ಲಿ ನಾರ್ಮನ್ ಕಿಟಕಿಯಾಚೆ ಹೋಗುವ ಯಾರಿಗೋ "ಏನೂ ತೊಂದ್ರೆ ಇಲ್ಲ" ಎನ್ನುತ್ತಿದ್ದ. ಅದು ನಿಜವಾಗಿಯೂ ತೊಂದರೆಯಿಲ್ಲದ ದನಿ.

ನಾರ್ಮನ್‌ಗೆ ಸುರಿದೇ ಬಿಸಿನೀರೆಲ್ಲ ಮುಗಿದಿತ್ತು. ನಲ್ಲಿಯಲ್ಲಿ ಬರುತ್ತಿದ್ದದ್ದು ಉಗುರು ಬೆಚ್ಚಗೂ ಇರಲಿಲ್ಲ.

"ನೀರು ಸರಿಯಾಗಿದೆಯಾ ಗೋಗೋ?"

"ಏನೂ ತೊಂದ್ರೆ..." ಎಂದು ಶುರುಮಾಡಿದ ಮೇವಿಸ್ ಅಲ್ಲಿಗೇ ನಿಲ್ಲಿಸಿದಳು. ತಣ್ಣನೆಯ ನೀರು ಕತ್ತಿನಿಂದ ಬೆನ್ನಿಗೆ ಇಳಿಯುತ್ತಿತ್ತು.

"ಇಲ್ಲಮ್ಮ," ಅಂದಳು. "ತಣ್ಣಗಿದೆ. ಇನ್ನೊಂಚೂರು ಬಿಸಿ ಬೇಕು."

ರುಟೆಂಡೊ ಕೆಟಲ್ ಇಡಲು ಅಡುಗೆಮನೆಗೆ ಹೋದಳು. ಮೇವಿಸ್ ತಲೆ ಬಗ್ಗಿಸಿಕೊಂಡೇ ಕಾದಳು.